ಎರಡು ಲೈಕನ್‌ಗಳು, ಒಂದೇ ಮುಖ, ಬೇರೆ ಬೇರೆ ಸಂಕಟ

ಒಂದೇ ಕುಲದ ಎರಡು ಜೀವಿಗಳು. ಎರಡೂ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುತ್ತವೆ. ಎರಡರ ಮೈಮೇಲೂ ನವಿರಾದ ರೋಮ. ಎರಡಕ್ಕೂ ಮಂಜು ಕವಿಯುವ ತೇವದ ಕಾಡೇ ಬೇಕು, ಗಾಳಿಯಲ್ಲಿ ಗಂಧಕದ ಹೊಗೆ ಬೆರೆತರೆ ಎರಡೂ ಸಾಯುತ್ತವೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಎರಡೂ ಅಳಿವಿನಂಚಿನ ಪಟ್ಟಿ ಸೇರಿವೆ. ಇಷ್ಟು ಕೇಳಿದರೆ ಒಂದನ್ನು ಉಳಿಸುವ ಉಪಾಯವೇ ಇನ್ನೊಂದಕ್ಕೂ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು ಅನ್ನಿಸಿತು. ಯಾಕೆಂದರೆ ಅದೇ ಪ್ರಶ್ನೆ ನಾವಿರುವ ಪುಣೆಗೂ, ಪುಣೆಯ ಬೆನ್ನಿಗಿರುವ ಸಹ್ಯಾದ್ರಿಗೂ ಬಂದು ತಟ್ಟುತ್ತದೆ.

ಮೊದಲು ಲೈಕನ್ ಬಗ್ಗೆ ಎರಡು ಮಾತು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂ, ಬೆಳಗಾವಿ ಕಡೆಯವರೂ ಪುಣೆಯವರೂ ದಗಡಫೂಲ್ ಅನ್ನುತ್ತಾರಲ್ಲ, ಅದೂ ಲೈಕನ್ನೇ. ಒಂದು ಶಿಲೀಂಧ್ರ, ಅದರೊಳಗೆ ವಾಸ ಮಾಡುವ ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾ, ಎರಡೂ ಕೂಡಿದರೆ ಮಾತ್ರ ಲೈಕನ್. ಶಿಲೀಂಧ್ರ ಆಸರೆ ಕೊಡುತ್ತದೆ, ತೇವ ಹಿಡಿದಿಡುತ್ತದೆ. ಒಳಗಿನ ಜೊತೆಗಾರ ಬಿಸಿಲು ಬಳಸಿ ಇಬ್ಬರಿಗೂ ಆಹಾರ ತಯಾರಿಸುತ್ತದೆ. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಈ ಮಾತು ಹೇಳಿದಾಗ ಆ ಕಾಲದ ಹೆಸರುವಾಸಿ ಲೈಕನ್ ತಜ್ಞರೇ ಒಪ್ಪಲಿಲ್ಲ. ಒಪ್ಪದವರಲ್ಲಿ ವಿಲಿಯಂ ನೈಲಾಂಡರ್ ಮುಖ್ಯ. ಆದರೆ ಇದೇ ನೈಲಾಂಡರ್ ಇನ್ನೊಂದು ದೊಡ್ಡ ಸಂಗತಿಯನ್ನು ಮೊದಮೊದಲು ಗುರುತಿಸಿದವರಲ್ಲಿ ಒಬ್ಬರು. ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಉಳಿದಿರುವ ಲೈಕನ್‌ಗಳು ನಗರದ ಬೇರೆ ಕಡೆ ಯಾಕಿಲ್ಲ ಅಂತ ಕೇಳಿಕೊಂಡು, ಗಾಳಿ ಶುದ್ಧವಾಗಿದೆಯೋ ಇಲ್ಲವೋ ಅನ್ನುವುದನ್ನು ಇವನ್ನು ನೋಡಿಯೇ ಹೇಳಬಹುದು ಅಂತ 1866ರಲ್ಲಿ ಬರೆದರು. ಲೈಕನ್‌ಗೆ ಬೇರಿಲ್ಲ. ಎಲೆಗಳ ಮೇಲಿರುವಂತಹ ಮೇಣದ ಪದರವೂ ಇಲ್ಲ. ಮಳೆ, ಮಂಜು, ಗಾಳಿ ಏನು ತರುತ್ತವೋ ಅದೆಲ್ಲ ನೇರವಾಗಿ ಒಳಗೆ ಹೋಗುತ್ತದೆ, ಒಳ್ಳೆಯದೂ ಕೆಟ್ಟದ್ದೂ.

ಈಗ ನಮ್ಮ ಎರಡು ಲೈಕನ್‌ಗಳಿಗೆ ಬರೋಣ.

ಒಂದರ ಹೆಸರು ಎರಿಯೋಡರ್ಮಾ ಪೆಡಿಸೆಲ್ಲೇಟಂ. ಇಂಗ್ಲಿಷಿನಲ್ಲಿ ಬೋರಿಯಲ್ ಫೆಲ್ಟ್ ಲೈಕನ್ ಅನ್ನುತ್ತಾರೆ. ಒಣಗಿದಾಗ ಬೂದುಗಂದು, ಅಂಚು ಸ್ವಲ್ಪ ಮೇಲಕ್ಕೆ ಮಡಚಿಕೊಂಡು ಕೆಳಗಿನ ಬಿಳಿ ಬದಿ ಕಾಣುತ್ತದೆ. ಮೇಲ್ಭಾಗದ ರೋಮದ ನಡುವೆ ಕೆಂಪುಗಂದು ಬಣ್ಣದ ಪುಟ್ಟ ಪುಟ್ಟ ಬಟ್ಟಲುಗಳು. ಬೀಜಕಣ ಹುಟ್ಟುವುದು ಆ ಬಟ್ಟಲುಗಳಲ್ಲಿ. ಇದನ್ನು ಮೊದಲು ಸಂಗ್ರಹಿಸಿದ್ದು 1902ರಲ್ಲಿ, ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಸೇರಿದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ. ಆಮೇಲೆ ಕೆನಡಾದ್ದೇ ಆದ ನೋವಾ ಸ್ಕೋಷಿಯಾ ಮತ್ತು ನ್ಯೂಫೌಂಡ್‌ಲ್ಯಾಂಡ್ ದ್ವೀಪ, ನಾರ್ವೆ, ಸ್ವೀಡನ್‌ಗಳಲ್ಲಿ ಸಿಕ್ಕಿತು. ಸ್ವೀಡನ್‌ನಲ್ಲಿ ಮರ ಕಡಿತದ ನಂತರ ಕಣ್ಮರೆಯಾಯಿತು. 2003ರಲ್ಲಿ ಜಗತ್ತಿನ ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ತನ್ನ ಕೆಂಪು ಪಟ್ಟಿಗೆ ಮೊತ್ತಮೊದಲ ಬಾರಿಗೆ ಲೈಕನ್‌ಗಳನ್ನು ಸೇರಿಸಿದಾಗ ಸೇರಿದ್ದು ಎರಡೇ ಎರಡು. ಒಂದು ಅಮೆರಿಕದ ಫ್ಲಾರಿಡಾದ ಮರಳುನೆಲದಲ್ಲಿ ಬೆಳೆಯುವ ಕ್ಲಾಡೋನಿಯಾ ಪರ್ಫೊರೇಟಾ, ಇನ್ನೊಂದು ಈ ಪೆಡಿಸೆಲ್ಲೇಟಂ. ಅದೂ ತೀವ್ರ ಅಪಾಯದ ವರ್ಗದಲ್ಲಿ.

ಇನ್ನೊಂದು ಎರಿಯೋಡರ್ಮಾ ಮೊಲ್ಲಿಸ್ಸಿಮಂ. ಅಂಚುಗಳು ಇಲಿಯ ಕಿವಿಯ ಹಾಗೆ ಮೇಲಕ್ಕೆ ಸುರುಳಿಯಾಗುವುದರಿಂದ ಅಲ್ಲಿಯವರು ಇದನ್ನು ವೋಲ್ ಇಯರ್ಸ್ ಅನ್ನುತ್ತಾರೆ. ವೋಲ್ ಅಂದರೆ ಹುಲ್ಲುಗಾವಲಿನ ಒಂದು ಜಾತಿಯ ಇಲಿ. ಇದೂ ರೋಮಭರಿತ, ಇದೂ ಬೂದುಗಂದು. ಕಾಡಿನ ಅರೆಬೆಳಕಿನಲ್ಲಿ ದೂರದಿಂದ ನೋಡಿದವರಿಗೆ ಫರಕು ಗೊತ್ತಾಗುವುದು ಕಷ್ಟ. ಹತ್ತಿರ ಹೋಗಿ ಮಸೂರ ಹಿಡಿದರೆ ಗೊತ್ತಾಗುತ್ತದೆ. ಇದರಲ್ಲಿ ಬಟ್ಟಲುಗಳ ಬದಲು ಅಂಚಿನುದ್ದಕ್ಕೂ ಹಿಟ್ಟು ಉದುರಿಸಿದಂತಹ ಪುಡಿ ಇರುತ್ತದೆ. ಆ ಪುಡಿಗೆ ಸೊರೀಡಿಯಾ ಎಂದು ಹೆಸರು. ಕೆನಡಾದ ಅಳಿವಿನಂಚಿನ ಜೀವಿಗಳ ತಜ್ಞ ಸಮಿತಿ 2009ರಲ್ಲಿ ಇದನ್ನು ಅಪಾಯದಲ್ಲಿದೆ ಎಂದು ಗುರುತಿಸಿತು.

ಬಟ್ಟಲು ಮತ್ತು ಪುಡಿ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಸೊರೀಡಿಯಾದ ಒಂದೊಂದು ಕಣದಲ್ಲೂ ಶಿಲೀಂಧ್ರದ ಎಳೆ ಇರುತ್ತದೆ, ಅದರೊಳಗೆ ಸುತ್ತಿಕೊಂಡ ಸಯನೋಬ್ಯಾಕ್ಟೀರಿಯಾ ಕೂಡ ಇರುತ್ತದೆ. ಗಾಳಿಗೋ ಮಳೆಹನಿಗೋ ಸಿಕ್ಕಿ ಪಕ್ಕದ ಮರಕ್ಕೆ ಹೋಗಿ ಬಿದ್ದರೆ, ತೇವ ಸರಿಯಾಗಿದ್ದರೆ, ಅಲ್ಲೇ ಹೊಸ ಲೈಕನ್ ಶುರುವಾಗುತ್ತದೆ. ಮೊಲ್ಲಿಸ್ಸಿಮಂ ಬುತ್ತಿ ಕಟ್ಟಿಕೊಂಡೇ ಮನೆಯಿಂದ ಹೊರಡುತ್ತದೆ. ಪೆಡಿಸೆಲ್ಲೇಟಂ ಹಾಗಲ್ಲ. ಅದರ ಬಟ್ಟಲಿನಿಂದ ಹಾರುವ ಬೀಜಕಣದಲ್ಲಿ ಶಿಲೀಂಧ್ರ ಮಾತ್ರ ಇರುತ್ತದೆ, ಜೊತೆಗಾರ ಇರುವುದಿಲ್ಲ. ಹಾರಿ ಹೋಗಿ ಬಿದ್ದ ಜಾಗದಲ್ಲಿ ಸರಿಯಾದ ಸಯನೋಬ್ಯಾಕ್ಟೀರಿಯಾ ಮೊದಲೇ ಇದ್ದರೆ ಬದುಕು, ಇಲ್ಲವಾದರೆ ಅಲ್ಲಿಗೇ ಮುಗಿಯಿತು. ಆ ಜೊತೆಗಾರ ಯಾರು ಅನ್ನುವುದರಲ್ಲೂ ಗೊಂದಲ ಇತ್ತು. ತುಂಬಾ ಕಾಲ ಅದನ್ನು ಸೈಟೋನೀಮಾ ಅಂತಲೇ ಕರೆದರು, ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅದು ರೈಜೋನೀಮಾ ಎಂಬ ಬೇರೆ ಕುಲ ಅಂತ ತಿಳಿಯಿತು.

ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೆಲಸ ಮಾಡಿದ ಸಂಶೋಧಕರು ಇನ್ನೂ ಒಂದು ಎಳೆ ಹಿಡಿದರು. ಅಲ್ಲಿನ ಬಾಲ್ಸಮ್ ಫರ್ ಮರಗಳ ತೊಗಟೆಯ ಮೇಲೆ ಫ್ರುಲಾನಿಯಾ ಎಂಬ ಪುಟ್ಟ ಹಾವಸೆ ಜಾತಿಯ ಸಸ್ಯ ಹಬ್ಬುತ್ತದೆ. ಅದರ ಎಲೆಗಳಲ್ಲಿ ನೀರು ಹಿಡಿದಿಡುವ ಸಣ್ಣ ಚೀಲಗಳಿವೆ. ಆ ಚೀಲಗಳಲ್ಲಿ ಸಯನೋಬ್ಯಾಕ್ಟೀರಿಯಾ ಇರುತ್ತದೆ, ಪೆಡಿಸೆಲ್ಲೇಟಂನ ಎಳೆಯ ಮರಿಗಳು ಫ್ರುಲಾನಿಯಾದ ಒಡನಾಟದಲ್ಲೇ ಹೆಚ್ಚಾಗಿ ಕಾಣಿಸುತ್ತವೆ. ಹಾಗಾಗಿ ಶಿಲೀಂಧ್ರ ತನ್ನ ಜೊತೆಗಾರನನ್ನು ಅಲ್ಲೇ ಹುಡುಕಿಕೊಳ್ಳುತ್ತಿರಬಹುದು ಎಂಬ ಊಹೆ ಹುಟ್ಟಿತು. ಒಂದು ಲೈಕನ್ ಉಳಿಯಬೇಕಾದರೆ ಫರ್ ಮರ ಬೇಕು, ಆ ಮರದ ಮೇಲೆ ಫ್ರುಲಾನಿಯಾ ಬೇಕು, ಅದರೊಳಗೆ ಸಯನೋಬ್ಯಾಕ್ಟೀರಿಯಾ ಬೇಕು, ಇಷ್ಟಕ್ಕೂ ಸುತ್ತ ತೇವ ಆರದ ಹಳೆಯ ಕಾಡು ಬೇಕು. ಒಂದು ಕೊಂಡಿ ಕಳಚಿದರೂ ಬೆಳೆದು ನಿಂತ ಲೈಕನ್‌ಗಳು ಇನ್ನಷ್ಟು ವರ್ಷ ಬದುಕಿಯಾವು, ಹೊಸ ಮರಿಗಳು ಮಾತ್ರ ಹುಟ್ಟುವುದಿಲ್ಲ. ನನ್ನ ಪ್ರಕಾರ ಇಲ್ಲಿರುವ ಅತಿ ದೊಡ್ಡ ಅಪಾಯ ಇದೇ. ಮರದ ಮೇಲೆ ಲೈಕನ್ ಇದೆ, ಲೆಕ್ಕದಲ್ಲೂ ಇದೆ, ಎಲ್ಲ ಚೆನ್ನಾಗಿದೆ ಅಂತ ವರದಿಯೂ ಹೋಗುತ್ತದೆ. ಆದರೆ ಅಲ್ಲಿರುವುದು ಮಕ್ಕಳಿಲ್ಲದ ಮುದುಕರ ಗುಂಪು.

ಈಗ ಮರದ ವಿಷಯ. ಪೂರ್ವ ಕೆನಡಾದಲ್ಲಿ ಪೆಡಿಸೆಲ್ಲೇಟಂ ಹೆಚ್ಚುಕಡಿಮೆ ಬಾಲ್ಸಮ್ ಫರ್‌ಗೇ ಅಂಟಿಕೊಂಡಿದೆ, ಅದರಲ್ಲೂ ಜೌಗು ನೆಲದ ಅಂಚಿನ ಮರಗಳಿಗೆ. ಮೊಲ್ಲಿಸ್ಸಿಮಂ ಅಷ್ಟು ಹಟಮಾರಿ ಅಲ್ಲ, ಫರ್ ಮೇಲೂ ಬೆಳೆಯುತ್ತದೆ, ಯೆಲ್ಲೋ ಬರ್ಚ್, ರೆಡ್ ಮೇಪಲ್‌ನಂತಹ ಅಗಲ ಎಲೆಯ ಮರಗಳ ಮೇಲೂ ಬೆಳೆಯುತ್ತದೆ. ಇದು ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಆಮ್ಲಮಳೆ ಬಿದ್ದಾಗ ಇದರ ಬೆಲೆ ತಿಳಿಯುತ್ತದೆ. ಫರ್‌ನಂತಹ ಸೂಚಿಪರ್ಣ ಮರಗಳ ತೊಗಟೆ ಮೊದಲೇ ಹುಳಿ, ಮೇಲಿಂದ ಬೀಳುವ ಆಮ್ಲವನ್ನು ತಗ್ಗಿಸುವ ಶಕ್ತಿ ಅದಕ್ಕೆ ಕಡಿಮೆ. ಅಗಲ ಎಲೆಯ ಹಲವು ಮರಗಳ ತೊಗಟೆಗೆ ಆ ಶಕ್ತಿ ಜಾಸ್ತಿ. ಸಯನೋಬ್ಯಾಕ್ಟೀರಿಯಾ ಇರುವ ಲೈಕನ್‌ಗಳು ಗಂಧಕದ ಡೈಆಕ್ಸೈಡ್‌ಗೂ ಆಮ್ಲಕ್ಕೂ ಬೇಗ ಸೋಲುತ್ತವೆ. ಅಮೆರಿಕದ ಪೂರ್ವ ಭಾಗದ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಹೊಗೆ ಗಾಳಿಯಲ್ಲಿ ತೇಲಿ ನೋವಾ ಸ್ಕೋಷಿಯಾದ ಮೇಲೆ ಮಳೆಯಾಗಿ ಸುರಿದ ದಶಕಗಳಲ್ಲಿ ಪೆಡಿಸೆಲ್ಲೇಟಂಗೆ ಎರಡು ಕಡೆಯಿಂದ ಹೊಡೆತ ಬಿತ್ತು, ಕೂತ ಮರವೂ ಕಾಪಾಡಲಿಲ್ಲ, ಮೈಯೊಳಗಿನ ಜೊತೆಗಾರನೂ ತಾಳಲಿಲ್ಲ. 1990ರಲ್ಲಿ ಅಮೆರಿಕ ತನ್ನ ಶುದ್ಧ ಗಾಳಿ ಕಾಯ್ದೆಯನ್ನು ಬಿಗಿ ಮಾಡಿತು, 1991ರಲ್ಲಿ ಎರಡೂ ದೇಶಗಳು ಗಾಳಿಯ ಗುಣಮಟ್ಟದ ಬಗ್ಗೆ ಒಪ್ಪಂದ ಮಾಡಿಕೊಂಡವು, ಗಂಧಕದ ಪ್ರಮಾಣ ಇಳಿಯಿತು. ಒಂದು ಲೈಕನ್ ಉಳಿಸುವುದಕ್ಕೆ ಎರಡು ದೇಶಗಳ ಕಾನೂನು ಬೇಕಾಗುತ್ತದೆ ಅನ್ನುವುದನ್ನು ಕಾಡಿನ ಸುತ್ತ ಬೇಲಿ ಹಾಕಿ ಕೂತವರು ಮರೆಯಬಾರದು.

ನ್ಯೂಫೌಂಡ್‌ಲ್ಯಾಂಡ್‌ನ ಕತೆಯೇ ಬೇರೆ. ಅಲ್ಲಿ ಗಾಳಿ ಅಷ್ಟು ಕೆಟ್ಟಿಲ್ಲ, ಪೆಡಿಸೆಲ್ಲೇಟಂ ಸಂಖ್ಯೆಯೂ ಚೆನ್ನಾಗಿದೆ. ಅವಲಾನ್ ಪರ್ಯಾಯದ್ವೀಪ ಮತ್ತು ಬೇ ಡಿ'ಎಸ್ಪೊಯರ್ ಪ್ರದೇಶ ಅದರ ಮುಖ್ಯ ನೆಲೆಗಳು. ಅಲ್ಲಿನ ತೊಂದರೆ ಮೂಸ್ ಎಂಬ ದೊಡ್ಡ ಜಿಂಕೆ. ಅದು ಆ ದ್ವೀಪದ ಮೂಲ ಪ್ರಾಣಿಯೇ ಅಲ್ಲ, 1904ರಲ್ಲಿ ತಂದು ಬಿಟ್ಟದ್ದು. ಈಗ ಅದರ ಸಂತತಿ ಬೆಳೆದು, ಫರ್‌ನ ಎಳೆಯ ಸಸಿಗಳನ್ನು ತಿಂದು ಹಾಕುತ್ತದೆ. ಹಳೆಯ ಮರ ಬಿದ್ದರೆ ಅದರ ಜಾಗಕ್ಕೆ ಹೊಸದು ಏಳುವುದಿಲ್ಲ. ಅಂದರೆ ಒಂದೇ ಲೈಕನ್‌ಗೆ ನೋವಾ ಸ್ಕೋಷಿಯಾದಲ್ಲಿ ಹೊಗೆ ಮತ್ತು ಕೊಡಲಿ ಶತ್ರು, ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೊಡಲಿ ಮತ್ತು ಜಿಂಕೆ ಶತ್ರು. ಕೆನಡಾದ ಸಮಿತಿ ಇದನ್ನು ಗಮನಿಸಿ ಎರಡೂ ಕಡೆಯ ಗುಂಪುಗಳನ್ನು ಬೇರೆ ಬೇರೆಯಾಗಿ ತೂಗಿತು. 2002ರಲ್ಲಿ ನೋವಾ ಸ್ಕೋಷಿಯಾ ಕಡೆಯ ಗುಂಪು ಅಪಾಯದ ಪಟ್ಟಿಗೆ ಹೋಯಿತು, ನ್ಯೂಫೌಂಡ್‌ಲ್ಯಾಂಡ್‌ನದು ವಿಶೇಷ ನಿಗಾ ಬೇಕಾದ ಪಟ್ಟಿಗೆ. ಇದು ನನಗೆ ತುಂಬಾ ಸರಿ ಅನ್ನಿಸಿದ ತೀರ್ಮಾನ. ಒಂದು ಹೆಸರಿಗೆ ಒಂದೇ ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಲಿಲ್ಲ.

ಹೊರಗಿನಿಂದ ಬಂದ, ಚಿಪ್ಪಿಲ್ಲದ ಬಸವನಹುಳುಗಳೂ ಈ ಲೈಕನ್‌ಗಳನ್ನು ಮೇಯುತ್ತವೆ. ಅದರ ಬಗ್ಗೆಯೂ ನೋವಾ ಸ್ಕೋಷಿಯಾದಲ್ಲಿ ಅಧ್ಯಯನ ನಡೆದಿದೆ.

ಹಾಗಾದರೆ ಎರಡರಲ್ಲಿ ಯಾವುದು ಹೆಚ್ಚು ಅಪರೂಪ? ನೀವು ಎಲ್ಲಿ ನಿಂತು ನೋಡುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎರಿಯೋಡರ್ಮಾ ಕುಲವೇ ಹೆಚ್ಚಾಗಿ ಉಷ್ಣವಲಯದ್ದು. ಮೊಲ್ಲಿಸ್ಸಿಮಂ ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲೂ ಇದೆ, ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲೂ ಇದೆ. ಕೆನಡಾ ಅದರ ಉತ್ತರದ ಅಂಚು. ಅಲ್ಲಿ ಅದು ಹೋದರೂ ಜಗತ್ತಿನಲ್ಲಿ ಉಳಿಯುತ್ತದೆ. ಪೆಡಿಸೆಲ್ಲೇಟಂಗೆ ಆ ಭಾಗ್ಯ ಇಲ್ಲ, ಉತ್ತರದ ತಣ್ಣನೆಯ ಕಾಡೇ ಅದರ ಲೋಕ. ಆದರೆ ಅದಕ್ಕೂ ಒಂದು ಒಳ್ಳೆಯ ಸುದ್ದಿ ಬಂತು. 2000ರ ದಶಕದ ಕೊನೆಗೆ ಅಲಾಸ್ಕಾದ ಡೆನಾಲಿ ಪ್ರದೇಶದಲ್ಲಿ ಅದು ಸಿಕ್ಕಿತು, ಅದೂ ಫರ್ ಮೇಲಲ್ಲ, ವೈಟ್ ಸ್ಪ್ರೂಸ್ ಮರದ ರೆಂಬೆಗಳ ಮೇಲೆ. ನೂರು ವರ್ಷ ಅಟ್ಲಾಂಟಿಕ್ ಕರಾವಳಿಯದ್ದು ಅಂದುಕೊಂಡಿದ್ದ ಜೀವಿ ಖಂಡದ ಇನ್ನೊಂದು ತುದಿಯಲ್ಲಿ, ಇನ್ನೊಂದು ಮರದ ಮೇಲೆ ಸುಮ್ನೆ ಕೂತಿತ್ತು. ಹುಡುಕುವವರೇ ಹೋಗಿರಲಿಲ್ಲ ಅಷ್ಟೇ.

ಅಂಚಿನ ಗುಂಪು ಹೋದರೆ ಹೋಗಲಿ ಬಿಡಿ ಅನ್ನುವ ವಾದವೂ ಇದೆ. ನಾನು ಒಪ್ಪುವುದಿಲ್ಲ. ಅಂಚಿನಲ್ಲಿ ಬದುಕುವ ಗುಂಪು ಚಳಿಗೋ ಒಣಹವೆಗೋ ಹೊಂದಿಕೊಂಡು ಬಂದಿರಬಹುದು, ಹವಾಮಾನ ಬದಲಾಗುವ ಕಾಲದಲ್ಲಿ ಅಂಥ ಗುಂಪೇ ಮುಂದಿನ ದಾರಿ ಆಗಬಹುದು.

ಉಳಿಸುವ ಕೆಲಸದಲ್ಲಿ ಈ ಎರಡರ ದಾರಿ ಎಲ್ಲಿ ಬೇರೆಯಾಗುತ್ತದೆ ನೋಡಿ. ಪುಡಿ ಇರುವ ಲೈಕನ್‌ಗಳನ್ನು ಕೈಯಾರೆ ಹಬ್ಬಿಸಬಹುದು. ಸ್ವಿಟ್ಜರ್ಲೆಂಡಿನ ಕ್ರಿಸ್ಟೋಫ್ ಶೈಡೆಗ್ಗರ್ 1990ರ ದಶಕದಲ್ಲಿ ಲೋಬೇರಿಯಾ ಪಲ್ಮೊನೇರಿಯಾ ಎಂಬ ಇನ್ನೊಂದು ಲೈಕನ್‌ನ ಇಂಥ ಕಣಗಳನ್ನು ತೆಗೆದು, ಗಾಯಕ್ಕೆ ಕಟ್ಟುವಂತಹ ತೆಳು ಜಾಳಿ ಬಟ್ಟೆಯ ಮೇಲೆ ಹಾಕಿ, ಮರಕ್ಕೆ ಸಿಕ್ಕಿಸಿ, ಅಲ್ಲಿಂದ ಹೊಸ ಲೈಕನ್ ಬೆಳೆಯುವುದನ್ನು ತೋರಿಸಿದರು. ಮೊಲ್ಲಿಸ್ಸಿಮಂ ವಿಷಯದಲ್ಲಿ ಇಂಥ ಪ್ರಯತ್ನಕ್ಕೆ ಅರ್ಥ ಇದೆ, ಒಂದು ಮರ ಉರುಳುವ ಮೊದಲು ಪಕ್ಕದ ಮರಕ್ಕೆ ದಾಟಿಸುವ ಆಸೆ ಇಟ್ಟುಕೊಳ್ಳಬಹುದು. ಪೆಡಿಸೆಲ್ಲೇಟಂನ ಬೀಜಕಣವನ್ನು ಹೀಗೆ ಬಟ್ಟೆಗೆ ಹಾಕಿದರೆ ಜೊತೆಗಾರ ಎಲ್ಲಿಂದ ಬರಬೇಕು? ಅದಕ್ಕೆ ಇಡೀ ಕಾಡೇ ಬೇಕು. ಹಾಗಾಗಿ ಅದು ಸಿಕ್ಕ ಜಾಗದ ಸುತ್ತಲಿನ ಮರಗಳನ್ನು ಕಡಿಯದೆ ಬಿಡುವ ನಿಯಮ ನೋವಾ ಸ್ಕೋಷಿಯಾದಲ್ಲಿ ಬಂತು. ಅಲ್ಲಿ ಇನ್ನೂ ಒಂದು ಜಾಣತನದ ಕೆಲಸ ನಡೆಯಿತು. ಕರಾವಳಿಗೆ ಹತ್ತಿರ ಇರಬೇಕು, ಬಾಲ್ಸಮ್ ಫರ್ ಇರಬೇಕು, ಪಕ್ಕದಲ್ಲಿ ಜೌಗು ಇರಬೇಕು, ಇಂಥ ಲಕ್ಷಣಗಳನ್ನು ನಕ್ಷೆಗಳ ಮೇಲೆ ಒಂದರ ಮೇಲೊಂದು ಇಟ್ಟು, ಲೈಕನ್ ಇರುವ ಸಾಧ್ಯತೆ ಎಲ್ಲಿದೆ ಅಂತ ಮೊದಲೇ ಗುರುತು ಮಾಡಿದರು. ಮರ ಕಡಿಯುವವರು ಬರುವ ಮೊದಲೇ ಆ ತಾಣಗಳಿಗೆ ಹೋಗಿ ಹುಡುಕಬಹುದು. ಇದೇ ನಕ್ಷೆ ಅದೇ ಪ್ರದೇಶದ ಬೇರೆ ಅಪರೂಪದ ಲೈಕನ್‌ಗಳನ್ನು ಹುಡುಕುವುದಕ್ಕೂ ಒದಗಿತು.

ಇಷ್ಟೆಲ್ಲ ಸಾಧ್ಯವಾದದ್ದು ಯಾವ ಲೈಕನ್ ಯಾವುದು ಅಂತ ಗುರುತಿಸಲು ಗೊತ್ತಿದ್ದದ್ದರಿಂದ. ಇಲ್ಲಿಂದ ನಾನು ಪುಣೆಗೆ ಬರುತ್ತೇನೆ, ಯಾಕೆಂದರೆ ನಮ್ಮಲ್ಲಿ ಆ ಮೊದಲ ಹೆಜ್ಜೆಯೇ ಕುಂಟುತ್ತಿದೆ.

ಪುಣೆಯಲ್ಲಿರುವ ಕನ್ನಡದವರಿಗೆ ಗೋಡಾ ಮಸಾಲೆಯ ಪರಿಮಳ ಹೊಸದೇನಲ್ಲ. ಅದರ ಮುಖ್ಯ ಘಮ ದಗಡಫೂಲ್‌ನದು. ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೂ ಅದು ಬೀಳುತ್ತದೆ. ಮಹಾತ್ಮಾ ಫುಲೆ ಮಂಡಈ ಹತ್ತಿರದ ಒಂದು ಮಸಾಲೆ ಅಂಗಡಿಯಲ್ಲಿ ವಿಜಯಪುರ ಕಡೆಯ ಹಿರಿಯರೊಬ್ಬರು ಕೂರುತ್ತಾರೆ. "ಕಾಕಾ, ಇದು ಎಲ್ಲಿಂದ ಬರ್ತದ್ರೀ?" ಅಂತ ಕೇಳಿದೆ. "ಮ್ಯಾಲಿಂದ, ಹಿಮಾಲಯದ ಕಡಿಂದ ಬರ್ತದವಾ. ಚೀಲದಾಗ ಏನ್ ಬರ್ತದ ಅದನ್ನ ತೂಗಿ ಕೊಡ್ತೀವಿ. ಇದರಾಗ ಬ್ಯಾರೆ ಬ್ಯಾರೆ ಜಾತಿ ಅದಾವು ಅಂತ ಇಲ್ಲೀತನಾ ಯಾರೂ ಕೇಳಿಲ್ಲ ನೋಡು" ಅಂದರು. ಅವರು ಹೇಳಿದ್ದು ನಿಜ. ಉತ್ತರಾಖಂಡದ ಬೆಟ್ಟಗಳಲ್ಲಿ ಓಕ್ ಮತ್ತಿತರ ಮರಗಳಿಂದ ಹಳ್ಳಿಯವರು ಇದನ್ನು ಕೂಡಿಡುತ್ತಾರೆ, ಅಲ್ಲಿನ ಹೆಸರು ಝೂಲಾ. ರಾಮನಗರ, ಟನಕ್‌ಪುರದಂತಹ ಊರುಗಳ ಜಡಿಬೂಟಿ ಮಂಡಿಗಳಲ್ಲಿ ಹರಾಜಾಗಿ ದೇಶಕ್ಕೆಲ್ಲ ಹೋಗುತ್ತದೆ. ಎಲ್ಲ ಲೆಕ್ಕವೂ ತೂಕದಲ್ಲಿ.

ಆ ಪೊಟ್ಟಣವನ್ನು ಒಂದು ಬಿಳಿ ಕಾಗದದ ಮೇಲೆ ಸುರಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ನೋಡಿ. ಮೊದಲ ನೋಟಕ್ಕೆ ಎಲ್ಲವೂ ಮೇಲೆ ಬೂದಿ, ಕೆಳಗೆ ಕಪ್ಪು. ಸ್ವಲ್ಪ ಹೊತ್ತು ಬೇಕು, ಆಮೇಲೆ ಒಂದೊಂದೇ ಬೇರೆಯಾಗುತ್ತವೆ. ಅಂಚಿನಲ್ಲಿ ಹಿಟ್ಟಿನಂತಹ ಪುಡಿ, ಜೊತೆಗೆ ಕಣ್ರೆಪ್ಪೆಯಂತಹ ಕಪ್ಪು ಕೂದಲು ಇದ್ದರೆ ಪಾರ್ಮೊಟ್ರೀಮಾ ಪರ್ಲೇಟಂ ಇರಬಹುದು. ಅಗಲವಾದ ಹಾಳೆ, ಮೇಲ್ಮೈಯಲ್ಲಿ ಪುಡಿಯ ಬದಲು ಮೊಳಕೆಯಂತಹ ಸಣ್ಣ ಸಣ್ಣ ಮುಳ್ಳುಗಳಿದ್ದರೆ ಪಾರ್ಮೊಟ್ರೀಮಾ ಟಿಂಕ್ಟೋರಂ. ಮೈಯೆಲ್ಲ ಬಲೆ ಹೆಣೆದಂತೆ ಸೀಳಿದ್ದರೆ ಪಾರ್ಮೊಟ್ರೀಮಾ ರೆಟಿಕ್ಯುಲೇಟಂ. ಪಟ್ಟಿಪಟ್ಟಿಯಾಗಿ ಕವಲೊಡೆದು ರಿಬ್ಬನ್ನಿನಂತೆ ಸುತ್ತಿಕೊಂಡದ್ದು ಹೈಪೊಟ್ರಾಕಿನಾ ಸಿರೇಟಾ. ನಂಬಿಕೆ ಬರದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಬ್ಲೇಡಿನ ತುದಿಯಿಂದ ಮೇಲಿನ ಬೂದಿ ಪದರವನ್ನು ಮೆಲ್ಲಗೆ ಕೆರೆದು, ಒಳಗಿನ ಬಿಳಿ ಹತ್ತಿಯಂತಹ ಭಾಗಕ್ಕೆ ಬಟ್ಟೆ ಬಿಳಿ ಮಾಡುವ ಬ್ಲೀಚ್ ಒಂದು ಹನಿ ಹಾಕಿ. ಬ್ಲೀಚ್ ಹಳೆಯದಾಗಿರಬಾರದು. ಟಿಂಕ್ಟೋರಂ ಆಗಿದ್ದರೆ ಕ್ಷಣದಲ್ಲಿ ಕೆಂಪಾಗುತ್ತದೆ, ಅದರಲ್ಲಿರುವ ಲೆಕನೋರಿಕ್ ಆಮ್ಲದ ಗುಣ ಅದು. ಪರ್ಲೇಟಂ ಬಣ್ಣ ಬದಲಿಸುವುದಿಲ್ಲ. ಲೈಕನ್ ತಜ್ಞರು ಪ್ರಯೋಗಾಲಯದಲ್ಲಿ ಮಾಡುವ ಮೊದಲ ಪರೀಕ್ಷೆಗಳಲ್ಲಿ ಇದೂ ಒಂದು. ಹನಿ ಹಾಕಿದ ತುಂಡನ್ನು ಮಾತ್ರ ಮತ್ತೆ ಮಸಾಲೆಗೆ ಸೇರಿಸಬೇಡಿ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಈ ನಾಲ್ಕೂ ಕೆನಡಾದ ಆ ಎರಡರ ಹಾಗೆ ಅಪರೂಪದವಲ್ಲ. ಮಸಾಲೆಗೆ ಕಲ್ಲುಹೂ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ಬೆಟ್ಟದ ಬಡ ಕುಟುಂಬಗಳಿಗೆ ಅದು ನಾಲ್ಕು ಕಾಸಿನ ದುಡಿಮೆ. ನನ್ನ ತಕರಾರು ತೂಕದ ಲೆಕ್ಕದ ಮೇಲೆ. ಮರದಿಂದ ಕೆರೆದು ತೆಗೆಯುವವರ ಕೈ ಬೇಕಾದ್ದು ಬೇಡದ್ದು ನೋಡುವುದಿಲ್ಲ. ಸಾಮಾನ್ಯವಾದದ್ದರ ಜೊತೆ ಅಪರೂಪದ ನೆಂಟನೂ ಚೀಲ ಸೇರುತ್ತಾನೆ, ಕಿಲೋಗಳಲ್ಲಿ ಬರೆದ ಪುಸ್ತಕದಲ್ಲಿ ಅವನ ಹೆಸರು ಎಲ್ಲೂ ಇರುವುದಿಲ್ಲ. ಇದ್ದದ್ದೇ ಗೊತ್ತಿಲ್ಲದ ಮೇಲೆ ಹೋದದ್ದು ಗೊತ್ತಾಗುವುದು ಹೇಗೆ?

ಗುರುತಿಸಬಲ್ಲವರು ನಮ್ಮಲ್ಲಿ ಇಲ್ಲವೇ ಅಂದರೆ, ಇದ್ದಾರೆ. ಅದೂ ಪುಣೆಯಲ್ಲೇ. ಲಾ ಕಾಲೇಜ್ ರಸ್ತೆಯ ಹತ್ತಿರದ ಆಘಾರ್ಕರ್ ಸಂಶೋಧನಾ ಸಂಸ್ಥೆ 1946ರಲ್ಲಿ ಮಹಾರಾಷ್ಟ್ರ ವಿಜ್ಞಾನ ವರ್ಧಿನಿಯಾಗಿ ಶುರುವಾದದ್ದು. ಅಲ್ಲಿ ಪಿ. ಜಿ. ಪಟವರ್ಧನ್, ಉರ್ಮಿಳಾ ಮಖೀಜಾ ಅವರಂಥವರು ದಶಕಗಳ ಕಾಲ ಪಶ್ಚಿಮ ಘಟ್ಟದ ಲೈಕನ್‌ಗಳ ಮೇಲೆ ಕೆಲಸ ಮಾಡಿದರು. ನಯವಾದ ತೊಗಟೆಯ ಮೇಲೆ ಕಪ್ಪು ಗೀಟು ಎಳೆದು ಯಾರೋ ಅಕ್ಷರ ಬರೆದಂತೆ ಕಾಣುವ ಗ್ರಾಫಿಸ್ ಬಳಗದ ಎಷ್ಟೋ ಹೊಸ ಪ್ರಭೇದಗಳನ್ನು ಜಗತ್ತಿಗೆ ಪರಿಚಯಿಸಿದ್ದು ಈ ಪುಣೆಯ ಗುಂಪು. ಆ ಬಳಗದಲ್ಲಿ ಎರಡು ಹತ್ತಿರದ ನೆಂಟರನ್ನು ಬೇರೆ ಮಾಡಬೇಕಾದರೆ ಮಸೂರ ಸಾಲದು, ಗೀಟನ್ನು ಅಡ್ಡಡ್ಡ ಕೊಯ್ದು ಸೂಕ್ಷ್ಮದರ್ಶಕದಡಿ ಬೀಜಕಣದ ಕೋಣೆಗಳನ್ನು ಎಣಿಸಬೇಕು, ಒಳಗಿನ ರಾಸಾಯನಿಕ ಯಾವುದು ಅಂತ ನೋಡಬೇಕು. ಅಂಥ ತಾಳ್ಮೆಯ ಕೆಲಸ ಮಾಡುವವರು ದೇಶದಲ್ಲೇ ಕಡಿಮೆ. ಭಾರತದಲ್ಲಿ 2,700ಕ್ಕೂ ಹೆಚ್ಚು ಬಗೆಯ ಲೈಕನ್‌ಗಳಿವೆ, ಜಗತ್ತಿನಲ್ಲಿ ಸುಮಾರು 20,000. ಇಷ್ಟು ದೊಡ್ಡ ಸಂಪತ್ತಿಗೆ ಹೊಸ ಪೀಳಿಗೆಯ ತಜ್ಞರನ್ನು ತಯಾರು ಮಾಡುವುದೇ ಸಂರಕ್ಷಣೆಯ ಮೊದಲ ಖರ್ಚು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕಾನೂನಿನ ಕಡೆ ನೋಡಿದರೆ ಬೇಸರವಾಗುತ್ತದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದರಲ್ಲಿ ಸಸ್ಯಗಳಿಗೂ ಒಂದು ಪಟ್ಟಿ ಇದೆ, ಹೂಜಿಗಿಡ ಇದೆ, ಬ್ಲೂ ವಾಂಡಾ ಆರ್ಕಿಡ್ ಇದೆ, ಲೈಕನ್ ಇಲ್ಲ. ಪ್ರಾಣಿಯೂ ಅಲ್ಲದ ಗಿಡವೂ ಅಲ್ಲದ ಜೀವಿಗೆ ಜಾಗ ಮಾಡಿಕೊಡಲು ಯಾರಿಗೂ ತೋಚಲಿಲ್ಲ. ಜಗತ್ತಿನ ಮಟ್ಟದಲ್ಲಿ ಮಾತ್ರ ಗಾಳಿ ನಿಧಾನವಾಗಿ ತಿರುಗುತ್ತಿದೆ. 2025ರ ಮಾರ್ಚ್‌ನಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಪರಿಶೀಲನೆಯಾದ ಶಿಲೀಂಧ್ರಗಳ ಸಂಖ್ಯೆ 1,300 ಮುಟ್ಟಿತು, ಅದರಲ್ಲಿ ಕಡಿಮೆ ಅಂದರೂ 411 ಅಪಾಯದಲ್ಲಿವೆ. ಲೈಕನ್‌ಗಳನ್ನೂ ಶಿಲೀಂಧ್ರಗಳ ಜೊತೆಗೇ ಎಣಿಸುತ್ತಾರೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಬಾರಿ ಹೊರಬಂತು, ಆರು ರಾಜ್ಯಗಳ 56,800 ಚದರ ಕಿಲೋಮೀಟರ್‌ಗೂ ಹೆಚ್ಚು ಜಾಗ. ಅದರ ಸುತ್ತ ನಡೆಯುವ ಜಗಳದಲ್ಲಿ ಗಣಿ, ರಸ್ತೆ, ರೆಸಾರ್ಟ್‌ಗಳದ್ದೇ ಮಾತು. ಆದರೆ ನೋವಾ ಸ್ಕೋಷಿಯಾದ ಪಾಠವನ್ನು ಇಲ್ಲಿಗೆ ತಂದರೆ ಕೇಳಬೇಕಾದ ಪ್ರಶ್ನೆ ಇನ್ನೂ ಸಣ್ಣದು, ಇನ್ನೂ ನಿಖರ. ಮಹಾಬಳೇಶ್ವರದಲ್ಲೋ ಭೀಮಾಶಂಕರದಲ್ಲೋ ಒಂದು ಲೈಕನ್ ಇದೆ ಅಂದರೆ ಅದು ಪುಡಿಯಿಂದ ಹಬ್ಬುವುದೋ ಬೀಜಕಣದಿಂದಲೋ? ಯಾವ ಮರದ ಮೇಲೆ? ಎಳೆಯ ಮರಿಗಳು ಕಾಣುತ್ತಿವೆಯೋ, ಬರೀ ಹಳೆಯವೋ? ಸಹ್ಯಾದ್ರಿಯ ತೇವದ ಕಾಡುಗಳಲ್ಲೂ ಲೆಪ್ಟೋಜಿಯಂನಂತಹ ಸಯನೋಬ್ಯಾಕ್ಟೀರಿಯಾ ಹೊತ್ತ ಲೈಕನ್‌ಗಳಿವೆ. ಗಾಳಿ ಕೆಟ್ಟರೆ, ಮರಗಳ ನೆರಳು ಹರಿದು ಬಿಸಿಲು ಒಳಗೆ ಬಿದ್ದರೆ ಇವೇ ಮೊದಲು ಸೋಲುವವು. ಪುಣೆಯ ಒಳಗೆ ಬಂದರೆ ಧೂಳು ಹೊಗೆ ತಡೆದುಕೊಳ್ಳುವ ಪಿಕ್ಸೀನ್ ಕೊಕೋಸ್‌ನಂತಹ ಗಟ್ಟಿಗರು ರಸ್ತೆ ಬದಿಯ ಮಾವಿನ ಮರದ ಮೇಲೂ ಬದುಕುತ್ತಾರೆ. ಮರದ ಮೇಲೆ ಬೂದಿ ಮಚ್ಚೆ ಇದೆ, ಆದ್ದರಿಂದ ಗಾಳಿ ಚೆನ್ನಾಗಿದೆ ಅಂತ ಹೇಳುವವರನ್ನು ನಂಬಬೇಡಿ, ಯಾವ ಮಚ್ಚೆ ಅಂತ ಕೇಳಿ.

ಕಾಪಾಡಲು ಎಲ್ಲಿಂದ ಶುರು ಮಾಡಬೇಕು ಅಂದರೆ ನನ್ನ ಉತ್ತರ ದೇವರಾಈಗಳು, ನಾವು ದೇವರಕಾಡು ಅನ್ನುವ ಜಾಗಗಳು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಇವುಗಳ ಮಹತ್ವವನ್ನು ದಾಖಲಿಸಿದರು. ತಲೆಮಾರುಗಳಿಂದ ಕೊಡಲಿ ಬೀಳದ ಮರಗಳು ಅಲ್ಲಿವೆ, ಹಳೆಯ ತೊಗಟೆ ಅಂದರೆ ಲೈಕನ್‌ಗೆ ಸಿಕ್ಕ ದೀರ್ಘ ಕಾಲ. ಗುಡಿ ಜೀರ್ಣೋದ್ಧಾರ ಅಂತ ಹೊರಟಾಗ ಸುತ್ತಲೂ ಸಿಮೆಂಟು ಹಾಸಿ, ಕೊಂಬೆ ಸವರಿ, ಕಾಂಡಕ್ಕೆ ಬಣ್ಣ ಬಳಿದರೆ ಮರ ಉಳಿಯುತ್ತದೆ, ಅದರ ಮೈಮೇಲಿದ್ದದ್ದು ಹೋಗುತ್ತದೆ. ಊರಿನ ದೇವಸ್ಥಾನ ಸಮಿತಿಯಲ್ಲಿ ಇರುವವರು ಈ ಒಂದು ವಿಷಯ ಎತ್ತಿದರೂ ದೊಡ್ಡ ಉಪಕಾರ.

ನಗರದೊಳಗೂ ಒಂದು ದಾರಿ ತೆರೆದಿದೆ. ಮಹಾರಾಷ್ಟ್ರದ ನಗರ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ 1975ರದ್ದು. ಐದು ವರ್ಷಕ್ಕೊಮ್ಮೆ ಮರಗಣತಿ ಮಾಡಬೇಕು ಅಂತ ಅದರಲ್ಲಿದೆ. 2021ರ ತಿದ್ದುಪಡಿಯಲ್ಲಿ 50 ವರ್ಷ ಮೀರಿದ ಮರಗಳಿಗೆ ಪಾರಂಪರಿಕ ಮರ ಎಂಬ ಸ್ಥಾನ ಸಿಕ್ಕಿತು. ಗಣತಿಯವರು ಹೇಗೂ ಪ್ರತಿ ಮರದ ಮುಂದೆ ನಿಂತು ಜಾತಿ, ಸುತ್ತಳತೆ ಬರೆದುಕೊಳ್ಳುತ್ತಾರೆ. ಪಾರಂಪರಿಕ ಮರಗಳಲ್ಲಿ ಮಾತ್ರ ಇನ್ನೊಂದು ಸಾಲು ಸೇರಿಸಲಿ, ಎದೆಯೆತ್ತರದಲ್ಲಿ ಕಾಂಡದ ನಾಲ್ಕು ದಿಕ್ಕಿನ ಫೋಟೋ ತೆಗೆಯಲಿ, ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಲಿ. ಹೆಸರು ಹೇಳುವ ಕೆಲಸ ತಜ್ಞರು ಆಮೇಲೆ ಮಾಡುತ್ತಾರೆ. ಐದು ವರ್ಷ ಬಿಟ್ಟು ಅದೇ ಮರದ ಅದೇ ಬದಿಯ ಫೋಟೋ ಪಕ್ಕದಲ್ಲಿಟ್ಟರೆ ಪುಡಿಯದ್ದು ಹಬ್ಬಿತೋ, ಬಟ್ಟಲಿನದ್ದು ಕಡಿಮೆಯಾಯಿತೋ, ಹೊಸ ಮರಿ ಎಲ್ಲಾದರೂ ಎದ್ದಿತೋ ಅನ್ನುವುದು ಕಣ್ಣಿಗೆ ಕಾಣುತ್ತದೆ. ನಗರದ ಗುಡ್ಡ ವೇತಾಳ ಟೇಕಡಿಯಲ್ಲಿ ಮಾಡಹೊರಟ ರಸ್ತೆಯ ವಿರುದ್ಧ 2023ರಲ್ಲಿ ಪುಣೆಯ ಜನ ಬೀದಿಗಿಳಿದರಲ್ಲ, ಅದರಲ್ಲಿ ನಮ್ಮ ಕನ್ನಡದವರೂ ಇದ್ದರು. ಈ ಫೋಟೋ ಕೆಲಸಕ್ಕೆ ಅಂಥವರೇ ಸಾಕು, ಮುಂದಿನ ಮಳೆಗಾಲ ಮುಗಿದ ಕೂಡಲೇ ಶುರು ಮಾಡಬಹುದು, ಆಗ ತೊಗಟೆ ಇನ್ನೂ ತೇವವಾಗಿರುತ್ತದೆ, ಲೈಕನ್‌ಗಳ ಬಣ್ಣ ಸರಿಯಾಗಿ ಕಾಣುತ್ತದೆ.